ಮಳೆಯ ಲೆಕ್ಕ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳು ಮಲೆನಾಡಿನ ಸೆರಗಿಗೆ ತಾಗಿಕೊಂಡಿವೆ. ಜಗಳೂರು ಬಯಲುಸೀಮೆಯೊಳಕ್ಕೆ ಚಾಚಿಕೊಂಡಿದೆ. ನೈರುತ್ಯ ಮಾರುತಗಳು ಪಶ್ಚಿಮಘಟ್ಟವನ್ನು ಏರುವಾಗಲೇ ತಮ್ಮ ನೀರಿನ ಬಹುಭಾಗವನ್ನು ಸುರಿದುಬಿಡುತ್ತವೆ. ಉಳಿದುದರಲ್ಲಿ ಚನ್ನಗಿರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ದೊರೆತರೆ, ಜಗಳೂರನ್ನು ತಲಪುವಷ್ಟರಲ್ಲಿ ಅದು 500ರಿಂದ 600 ಮಿಲಿಮೀಟರಿಗೆ ಇಳಿದಿರುತ್ತದೆ.

ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆ ನೆಲದ ಮೇಲೆ ಸುಮಾರು 4,000 ಲೀಟರ್ ನೀರು. ಈ ಲೆಕ್ಕದಂತೆ ಒಣನಾಡೆನಿಸಿದ ಜಗಳೂರಿನಲ್ಲಿಯೂ ಸಾಧಾರಣ ವರ್ಷದಲ್ಲಿ ಎಕರೆಗೆ 20 ಲಕ್ಷ ಲೀಟರ್ ನೀರು ಬೀಳುತ್ತದೆ. ಹಾಗಿದ್ದೂ ಅಲ್ಲಿ ಬರ ಕಾಣಿಸಿಕೊಳ್ಳುವುದೇಕೆ? ಮಳೆ ಎಷ್ಟು ಬಿದ್ದಿತೆಂಬುದರಷ್ಟೇ, ಅದು ಯಾವಾಗ ಬಿದ್ದಿತು, ಎಷ್ಟು ದಿನಗಳಲ್ಲಿ ಬಿದ್ದಿತು ಎಂಬುದೂ ಮುಖ್ಯವಾಗಿರುವುದರಿಂದ.

ಹವಾಮಾನಶಾಸ್ತ್ರಜ್ಞರು ಒಂದೆರಡು ವರ್ಷಗಳ ಮಳೆಯನ್ನು ನೋಡಿ ತೀರ್ಮಾನಕ್ಕೆ ಬರುವುದಿಲ್ಲ. 30 ವರ್ಷಗಳಿಗೆ ಕಡಮೆಯಿಲ್ಲದ ದಾಖಲೆಯಿಂದ ಸರಾಸರಿಯನ್ನು ತೆಗೆದು ಅದನ್ನು ವಾಡಿಕೆಯ ಮಳೆಯೆನ್ನುತ್ತಾರೆ. ಇದು ಅಗತ್ಯವಾದ ಅಳತೆಯೇ. ಆದರೆ ಮೋಸಗೊಳಿಸುವ ಅಳತೆಯೂ ಹೌದು. ಒಂದು ವರ್ಷ 300, ಮರುವರ್ಷ 700 ಮಿಲಿಮೀಟರ್ ಮಳೆಯಾಯಿತೆಂದುಕೊಂಡರೆ ಸರಾಸರಿ 500 ಆಗುತ್ತದೆ. ಮೊದಲ ವರ್ಷ ಒಣಗಿಹೋದ ಹೊಲಕ್ಕೆ ಈ ಸರಾಸರಿಯಿಂದ ಯಾವ ಸಮಾಧಾನವೂ ಇಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದುದರಿಂದ ಭೂಮಿ ಬಿಸಿಯಾದಂತೆ, ಮಳೆಯ ಮೊತ್ತ ಹೆಚ್ಚು ಬದಲಾಗದಿದ್ದರೂ, ಸುರಿದಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚುತ್ತದೆ. ಹಾಗೆ ಸುರಿದ ನೀರು ನೆಲಕ್ಕೆ ಇಂಗುವ ಮೊದಲೇ ಹಳ್ಳ ಸೇರುತ್ತದೆ.

ನಮ್ಮ ರೈತರು ರೋಹಿಣಿ, ಮೃಗಶಿರ, ಆರಿದ್ರ, ಪುಷ್ಯ ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಯನ್ನು ಎಣಿಸಿಕೊಂಡು ಬಂದವರು. ಅವರ ಎಣಿಕೆಯಲ್ಲಿ ಮೊತ್ತಕ್ಕಿಂತ ಕಾಲವೇ ಮೊದಲು. ಜೂನ್ ತಿಂಗಳಲ್ಲಿ ಬಿತ್ತಿದ ಮೆಕ್ಕೆಜೋಳ ಆಗಸ್ಟಿನಲ್ಲಿ ಹೂವಿಗೆ ಬರುತ್ತದೆ. ಆಗ ಎರಡು ವಾರ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಸೆಪ್ಟೆಂಬರಿನಲ್ಲಿ ಧಾರಾಳವಾಗಿ ಸುರಿದರೂ ಆ ನಷ್ಟ ತುಂಬಿಬರುವುದಿಲ್ಲ. ಹಿಂದೆ ರಾಗಿ, ಜೋಳ, ಅವರೆ, ತೊಗರಿಗಳನ್ನು ಜೊತೆಯಾಗಿ ಬಿತ್ತುತ್ತಿದ್ದಾಗ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತಿತ್ತು. ಇಂದು ಮೈಲಿಗಟ್ಟಲೆ ಮೆಕ್ಕೆಜೋಳವೊಂದೇ ನಿಂತಿರುವಲ್ಲಿ ಆ ಆಸರೆಯಿಲ್ಲ.

ಅಡಿಕೆಯದು ಇನ್ನೂ ಕಠಿಣವಾದ ಸ್ಥಿತಿ. ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷಗಳಾದರೂ ಬೇಕು. ಬೇಸಗೆಯಲ್ಲಿ ನೀರು ತಪ್ಪಿದರೆ ಅಷ್ಟು ವರ್ಷಗಳ ದುಡಿಮೆಯೇ ಹೋಗುತ್ತದೆ. ಚನ್ನಗಿರಿಯ ಅನೇಕ ತೋಟಗಳು ಭದ್ರಾ ನಾಲೆಯನ್ನೂ ಕೊಳವೆಬಾವಿಗಳನ್ನೂ ನಂಬಿಕೊಂಡಿವೆ. 2023ರಲ್ಲಿ ಮುಂಗಾರು ಸೋತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಚನ್ನಗಿರಿಯ ಬೆಳೆಗಾರರು ಟ್ಯಾಂಕರಿನ ನೀರನ್ನು ಕೊಂಡು ಮರಗಳ ಬುಡಕ್ಕೆ ಹಾಯಿಸಿದರು. ಅದೇ ವರ್ಷದ ಜುಲೈ ಕೊನೆಯಲ್ಲಿ ಮಲೆನಾಡಿನ ಮಳೆಯಿಂದ ತುಂಗಭದ್ರೆ ಉಕ್ಕಿ, ಹೊನ್ನಾಳಿಯ ತಗ್ಗುಪ್ರದೇಶದ ಮನೆಗಳಿಗೆ ನೀರು ನುಗ್ಗಿತು. ಬರಕ್ಕೂ ನೆರೆಗೂ ನಡುವೆ ಕೆಲವೇ ತಿಂಗಳುಗಳು.

ಇಂತಹ ಏರಿಳಿತವನ್ನು ತಾಳಿಕೊಳ್ಳುವುದಕ್ಕಾಗಿಯೇ ಹಿಂದಿನವರು ಕೆರೆಗಳನ್ನು ಕಟ್ಟಿದರು. ಶಾಂತಿಸಾಗರವೆಂದು ಹೆಸರಾದ ಚನ್ನಗಿರಿ ತಾಲ್ಲೂಕಿನ ಹಿರಿಯ ಕೆರೆ ಶತಮಾನಗಳಿಂದ ಈ ಕೆಲಸವನ್ನು ಮಾಡುತ್ತಿದೆ. ಜಗಳೂರಿಗೆ ಅಂತಹ ನದಿಕಣಿವೆಯಿಲ್ಲ. ಆದುದರಿಂದ ಹರಿಹರದ ಬಳಿ ದೀಟೂರಿನಲ್ಲಿ ತುಂಗಭದ್ರೆಯ ನೀರನ್ನೆತ್ತಿ, ಆ ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಕೈಗೊಳ್ಳಲಾಯಿತು. ಪಂಪುಗಳು ಎತ್ತುವ ಆ ನೀರು ತುಂಗೆ ಭದ್ರೆಗಳು ಹುಟ್ಟುವ ಕುದುರೆಮುಖದ ಸಾಲಿನಿಂದ ಇಳಿದು ಬರುವಂತಹುದು. ಅಲ್ಲಿ ಮಳೆ ಹಿಂಜರಿದ ವರ್ಷ ದೀಟೂರಿನಲ್ಲಿ ಎತ್ತುವುದಕ್ಕೆ ಉಳಿಯುವ ನೀರು ಕಡಮೆ.