ಬಾಡಿದ ಸೊಪ್ಪು ಮತ್ತೆ ತಲೆಯೆತ್ತುವುದು ಹೇಗೆ?

ಪ್ರಶ್ನೆ: ಬಾಡಿ ಜೋತುಬಿದ್ದ ಕೊತ್ತಂಬರಿ ಸೊಪ್ಪನ್ನು ನೀರಿನ ಲೋಟದಲ್ಲಿ ನಿಲ್ಲಿಸಿದರೆ ಮತ್ತೆ ನೆಟ್ಟಗಾಗುತ್ತದೆ. ಏಕೆ?

ಉತ್ತರ: ಸೊಪ್ಪಿಗೆ ಮೂಳೆಯಿಲ್ಲ. ಅದನ್ನು ನೆಟ್ಟಗೆ ನಿಲ್ಲಿಸುವುದು ಜೀವಕೋಶಗಳೊಳಗಿನ ನೀರಿನ ಒತ್ತಡ.

ಬಲಿತ ಸಸ್ಯಕೋಶದ ನಡುವೆ ರಸದಾನಿ ಎಂಬ ದೊಡ್ಡ ಚೀಲವಿರುತ್ತದೆ. ಎಷ್ಟೋ ಸಲ ಕೋಶದ ಶೇ 90ರಷ್ಟು ಜಾಗವನ್ನು ಅದೊಂದೇ ಹಿಡಿಯುತ್ತದೆ. ಕೋಶದ ಆಡಳಿತ ನಡೆಸುವ ಕೋಶಕೇಂದ್ರ, ಬಿಸಿಲಿನಲ್ಲಿ ಆಹಾರ ತಯಾರಿಸುವ ಹಸಿರು ಕ್ಲೋರೋಪ್ಲಾಸ್ಟ್‌ಗಳು ಅಂಚಿಗೆ ಒತ್ತರಿಸಿ ಕೂರಬೇಕು.

ರಸದಾನಿಯಲ್ಲಿ ಲವಣ, ಸಕ್ಕರೆ ಕರಗಿರುತ್ತವೆ. ಹಾಗಾಗಿ ದಂಟಿನಲ್ಲಿ ಏರಿಬಂದ ನೀರು ತೆಳುವಾದ ಕೋಶಪೊರೆಯನ್ನು ದಾಟಿ ಒಳಸೇರುತ್ತದೆ. ರಸದಾನಿ ಉಬ್ಬಿ, ಹೊರಗಿನ ಗಟ್ಟಿ ಕೋಶಭಿತ್ತಿಯನ್ನು ಒತ್ತುತ್ತದೆ. ಸೈಕಲ್ ಚಕ್ರ ನೆನಪಿಸಿಕೊಳ್ಳಿ: ರಸದಾನಿ ಟ್ಯೂಬ್, ಸೆಲ್ಯುಲೋಸ್‌ನ ಕೋಶಭಿತ್ತಿ ಟೈರ್. ಗಾಳಿ ತುಂಬಿದಾಗ ಟೈರ್ ಬಿಗಿಯಾಗುವಂತೆ, ನೀರು ತುಂಬಿದಾಗ ಕೋಶ ಬಿಗಿಯಾಗುತ್ತದೆ. ಭಿತ್ತಿ ತಡೆಯುವುದರಿಂದ ಒಡೆಯುವುದಿಲ್ಲ. ಬಾಡುವುದೆಂದರೆ ಗಾಳಿ ಇಳಿದ ಟ್ಯೂಬಿನಂತೆ ರಸದಾನಿ ಕುಗ್ಗುವುದು.

ಸಾರಿನಲ್ಲಿ ಕುದಿದ ಸೊಪ್ಪು ಮಾತ್ರ ಎಷ್ಟು ನೀರಿದ್ದರೂ ಎದ್ದು ನಿಲ್ಲದು. ಬಿಸಿಗೆ ಕೋಶಪೊರೆ ಹಾಳಾಗಿರುತ್ತದೆ. ತೂತುಬಿದ್ದ ಟ್ಯೂಬಿಗೆ ಗಾಳಿ ಹೊಡೆದು ಫಲವಿಲ್ಲ.