ಮಕ್ಕಳ ಜತೆ ಝರಾಕ್ಕೆ ಇಳಿಯುವ ಮುನ್ನ

ಗುಡ್ಡ ಹತ್ತುವವರ ಲೆಕ್ಕ ಎಲ್ಲ ಕಡೆ ಒಂದೇ: ಮೈಯಲ್ಲಿ ಕಸುವಿರುವಾಗ ಏರು, ಸುಸ್ತಾದ ಮೇಲೆ ಇಳಿತ. ಬೀದರಿನಲ್ಲಿ ಇದು ತಿರುವುಮುರುವು. ಇಲ್ಲಿ ಊರೇ ಗುಡ್ಡದ ನೆತ್ತಿಯ ಮೇಲಿದೆ. ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಕೆಂಪುಕಲ್ಲಿನ ಬಯಲು. ಅಂಚಿಗೆ ಬಂದರೆ ನೆಲ ತಟ್ಟನೆ ಕೆಳಗಿಳಿಯುತ್ತದೆ. ಸಣ್ಣ ಹುಡುಗರನ್ನು ಕರೆದುಕೊಂಡು ಹೊರಟರೆ ಮೊದಲು ಸಿಗುವುದು ಇಳಿಜಾರೇ. ಐದು ವರ್ಷದ ಮಗು ಕೇಕೆ ಹಾಕುತ್ತ ಓಡುತ್ತದೆ, "ಎಷ್ಟ ಚೆಂದ ನಡೀತದ ನೋಡ್ರಿ" ಎಂದು ಅಜ್ಜಿ ಹಿಗ್ಗುತ್ತಾರೆ. ಪೇಚು ಶುರುವಾಗುವುದು ಮರಳುವಾಗ. ಬಿಸಿಲು ಏರಿದೆ, ಬಾಟಲಿ ಬರಿದಾಗಿದೆ, ದಾರಿ ಪೂರಾ ಏರು, ಮಗು ಅಪ್ಪನ ಹೆಗಲ ಮೇಲೆ.

ಹಾಗಾಗಿ ಇಲ್ಲಿನ ನಡಿಗೆಯ ಯೋಜನೆಯನ್ನು ಕೊನೆಯಿಂದ ಹಾಕಬೇಕು. ಮನೆಗೆ ಎಷ್ಟು ಹೊತ್ತಿಗೆ ಮುಟ್ಟಬೇಕು, ಏರಿಗೆ ಎಷ್ಟು ಬೇಕು ಎಂದು ಮೊದಲು ಕೂಡಿಸಿ, ಉಳಿದದ್ದನ್ನು ಇಳಿತಕ್ಕೂ ಆಟಕ್ಕೂ ಕೊಡಿ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬಾತ ಹಾಕಿದ ಲೆಕ್ಕವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಗಂಟೆಗೆ ಮೂರು ಮೈಲಿ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನ ದೊಡ್ಡವರಿಗೆ. ನಾಲ್ಕೈದು ವರ್ಷದ ಮಗುವಿದ್ದರೆ ಗಂಟೆಗೆ ಒಂದು ಕಿಲೋಮೀಟರ್ ಎಂದುಕೊಳ್ಳಿ. ಹೋಗಿಬರುವುದು ಸೇರಿ ಎರಡು–ಮೂರು ಕಿಲೋಮೀಟರ್ ಸಾಕು. ತಂದ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಏರಿಗೆಂದು ತೆಗೆದಿಡಿ.

ಗುರಿ ಹುಡುಕುವ ಕಷ್ಟವಂತೂ ಇಲ್ಲ, ನೆಲವೇ ಅದನ್ನು ಮಾಡಿಟ್ಟಿದೆ. ಮೇಲಿನ ಕೆಂಪುಕಲ್ಲಿಗೆ ಮೈತುಂಬ ತೂತು. ಮಳೆನೀರು ಅದರೊಳಗೆ ಜಿನುಗುತ್ತ ಇಳಿಯುತ್ತದೆ. ಅಡಿಯಲ್ಲಿ ನೀರನ್ನು ಸುಲಭಕ್ಕೆ ಬಿಟ್ಟುಕೊಡದ ಕಪ್ಪು ಕಲ್ಲಿನ ಪದರ. ಕೆಳಗೆ ದಾರಿ ಕಾಣದ ನೀರು ಅಡ್ಡಕ್ಕೆ ಹರಿದು ಬಯಲಿನ ಅಂಚಿನಲ್ಲಿ ಹೊರಬೀಳುತ್ತದೆ. ಅದೇ ಝರಾ. ಗುರುನಾನಕ ಝರಾ, ಮಂಗಲಪೇಟೆಯ ಝರಣಿ ನರಸಿಂಹ, ಪಾಪನಾಶ ಎಲ್ಲವೂ ಈ ನೀರಿನ ಮಕ್ಕಳೇ. ಈ ಗುಟ್ಟು ಹಿಡಿದು 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಪರ್ಷಿಯಾದ ತಂತ್ರದಿಂದ ಕರೇಜ್ ತೋಡಿಸಿದರು. ನೌಬಾದಿನ ಸುರಂಗ ಬಾವಿ ಅದೇ. ನೆಲದಡಿ ಕಾಲುವೆ, ಅದರುದ್ದಕ್ಕೂ ಗಾಳಿ–ಬೆಳಕಿಗೆ ಬಾವಿಯಂಥ ಬಾಯಿಗಳು, ಇಪ್ಪತ್ತಕ್ಕೂ ಹೆಚ್ಚು. ಬಾಯಿಯಿಂದ ಬಾಯಿಗೆ ನೆಲದ ಮೇಲೆ ನಡೆಯುತ್ತ "ಈಗ ನಮ್ಮ ಕಾಲಡಿಗೆ ನೀರಿನ ದಾರಿ ಅದ" ಎಂದು ತೋರಿಸಿದರೆ ಏಳೆಂಟು ವರ್ಷದವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಬಾಯಿಗಳು ಆಳ, ಮಗುವಿನ ಕೈ ಮಾತ್ರ ಬಿಡಬೇಡಿ.

ತೀರ ಚಿಕ್ಕವರಿಗೆ ನನ್ನ ಆಯ್ಕೆ ಪಾಪನಾಶ. ಇಳಿದರೆ ಗುಡಿ, ನೀರು, ನೆರಳು. ಬುತ್ತಿ ಬಿಚ್ಚಲು ಜಾಗವೂ ಉಂಟು. ಶಿವರಾತ್ರಿಯ ಜನಸಾಗರದಲ್ಲಿ ಮಾತ್ರ ಬೇಡ. ಝರಣಿ ನರಸಿಂಹನ ಗುಹೆ ಬೇರೆಯೇ ಅನುಭವ: ಉದ್ದನೆಯ ಸುರಂಗ, ದೊಡ್ಡವರಿಗೆ ಸೊಂಟದಿಂದ ಎದೆಯವರೆಗೆ ನೀರು, ತಲೆಯ ಮೇಲೆ ಜೋತುಬಿದ್ದ ಬಾವಲಿಗಳು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಹೋಗುತ್ತಾರೆ. ಕತ್ತಲಿಗೂ ನೂಕುನುಗ್ಗಲಿಗೂ ಬೆದರುವ ಮಗುವನ್ನು ಹಟ ಹಿಡಿದು ಒಯ್ಯಬೇಡಿ. ಹರಕೆ ನಿಮ್ಮದು, ಮಗುವಿನದಲ್ಲ. ಗುಹೆ ತೆರೆದಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಸ್ವಲ್ಪ ದೊಡ್ಡ ಹುಡುಗರಾದರೆ ಚೌಖಂಡಿ ಗೋರಿಯ ಮೆಟ್ಟಿಲು ಹತ್ತಿಳಿದು ಅಷ್ಟೂರಿನ ಬಹಮನಿ ಗುಮ್ಮಟಗಳತ್ತ ನಡೆಯಬಹುದು. ಅಲ್ಲಿ ಸುಲ್ತಾನ ಹುಮಾಯೂನನ ಗೋರಿಯ ಗುಮ್ಮಟ ಒಡೆದು ಹೋಗಿದೆ, ಸಿಡಿಲು ಬಡಿದು ಎನ್ನುತ್ತಾರೆ. ಕೊಯ್ದ ಕಲ್ಲಂಗಡಿಯಂತೆ ಒಳಗೆಲ್ಲ ಕಾಣುತ್ತದೆ. ಗೋಡೆ ಎಷ್ಟು ದಪ್ಪ, ಒಳಮೈ ಹೇಗೆ ಬಾಗಿದೆ ಎಂದು ಮಕ್ಕಳು ತಾವೇ ನೋಡಿ ತಿಳಿಯುತ್ತಾರೆ. ಹಳೆಯ ಕಮಾನುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಅಲ್ಲಿ ಕಲ್ಲೆಸೆತ, ಹೊಗೆ ಎರಡೂ ಬೇಡ. ಕಾಡಿನ ನಡಿಗೆಯ ಆಸೆಯಿದ್ದರೆ, ಇಲ್ಲಿನ ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯ. ಅರಣ್ಯ ಇಲಾಖೆಯವರನ್ನು ಕೇಳದೆ ಕಾಡಿನೊಳಗೆ ಕಾಲಿಡಬೇಡಿ.

ಕಾಡಿನ ಚಾರಣಕ್ಕೆ ದೂರದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೇ ಹೋಗಬೇಕು ಎನ್ನುವವರೂ ಇದ್ದಾರೆ. 1,892 ಮೀಟರಿನ ಆ ಶಿಖರಕ್ಕೆ ಹೋಗಿಬರಲು ಸುಮಾರು 20 ಕಿಲೋಮೀಟರ್, ಇಡೀ ದಿನದ ನಡಿಗೆ. ಇಲಾಖೆಯ ಅನುಮತಿ ಮುಂಗಡ ಪಡೆಯಬೇಕು, ಮಳೆಗಾಲದಲ್ಲಿ ಜಿಗಣೆ ಬೇರೆ. ಅದು ಸಣ್ಣ ಮಕ್ಕಳ ದಾರಿಯಲ್ಲ.

ಕಾಲ ನೋಡಿಕೊಳ್ಳಿ. ಅಕ್ಟೋಬರಿನಿಂದ ಜನವರಿವರೆಗೆ ಹಿತ. ಆಗ ಸೀತಾಫಲ, ಆಮೇಲೆ ಬಾರಿಹಣ್ಣು. ಮಕ್ಕಳನ್ನು ಮುಂದಿನ ತಿರುವಿನವರೆಗೆ ನಡೆಸಲು ಇವಕ್ಕಿಂತ ಒಳ್ಳೆಯ ಉಪಾಯವಿಲ್ಲ. "ಅವ್ವಾ, ಇನ್ನಾ ಎಷ್ಟ ದೂರ ಅದ?" ಎಂಬ ಪ್ರಶ್ನೆಗೆ ಕಿಲೋಮೀಟರಿನ ಉತ್ತರ ಕೊಟ್ಟು ಗೆದ್ದ ತಾಯಿ ಇಲ್ಲ, "ಆ ಗಿಡದ ತನಕ" ಎನ್ನಿ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ನಡಿಗೆಯೇ ಬೇಡ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಬೆವರುವುದು ಕಡಿಮೆ; ಹೊರಗಿನ ಕಾವನ್ನು ಅವರ ಮೈ ಬೇಗ ಹೀರುತ್ತದೆ. ಬಾಯಾರಿಕೆ ಹೇಳುವವರೆಗೆ ಕಾಯದೆ ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಸಿ. ಮುಖ ಕೆಂಪೇರಿ ಮಾತು ನಿಂತರೆ ಅಲ್ಲೇ ನೆರಳಿಗೆ ಕೂರಿಸಿ, ಬಟ್ಟೆ ಒದ್ದೆ ಮಾಡಿ ಗಾಳಿ ಬೀಸಿ.

ಪಾದಕ್ಕೆ ಹವಾಯಿ ಚಪ್ಪಲಿ ಬೇಡವೇ ಬೇಡ. ಇಳಿಜಾರಿನ ಮುರುಂ ಕಾಳುಗಳು ಅಡಿಯಲ್ಲಿ ಉರುಳಿ ಜಾರಿಸುತ್ತವೆ. ಶಾಲೆಯ ಕ್ಯಾನ್ವಾಸ್ ಬೂಟೇ ಸಾಕು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ. ಚಿಪ್ಸ್ ಪೊಟ್ಟಣ ಮಂಗಗಳನ್ನು ಕರೆಯುತ್ತದೆ, ದಾಹವನ್ನೂ ಹೆಚ್ಚಿಸುತ್ತದೆ. ಹುಲ್ಲಿನಲ್ಲಿ, ಕಲ್ಲಿನ ಸಂದಿಯಲ್ಲಿ ಕೈ ಹಾಕದಂತೆ ಮೊದಲೇ ಹೇಳಿಡಿ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಮಗುವನ್ನು ಎತ್ತಿಕೊಂಡು ನೇರ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಹೋಗಿ. ದಾರಿಯಿಂದಲೇ 108ಕ್ಕೆ ಕರೆ ಮಾಡಿ.