ಮನಸ್ಸಿನ ಮೇಲಣ ಹೊರೆ

ತಂತಿಯೊಂದನ್ನು ಒಮ್ಮೆ ಬಗ್ಗಿಸಿದರೆ ಅದು ಮುರಿಯದು. ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೊಮ್ಮೆ ಮುರಿಯುವುದು. ಆಗ ನಾವು ಲೋಹವನ್ನು ಹಳಿಯುವುದಿಲ್ಲ. ಅದರ ಮೇಲೆ ಬಿದ್ದ ಬಲವೆಷ್ಟು, ಎಷ್ಟು ಸಲ ಬಿದ್ದಿತು ಎಂದು ವಿಚಾರಿಸುತ್ತೇವೆ. ಮನುಷ್ಯನ ಮನಸ್ಸು ತಂತಿಯಲ್ಲ, ನಿಜ. ಆದರೂ ಲಿಂಗತ್ವ ಅಲ್ಪಸಂಖ್ಯಾತರ ಮಾನಸಿಕ ಆರೋಗ್ಯದ ವಿಷಯದಲ್ಲಿ ಈಚಿನ ಸಂಶೋಧಕರು ಕೇಳಿರುವುದೂ ಇದೇ ಬಗೆಯ ಪ್ರಶ್ನೆಯನ್ನು.

ಮಗು ಹುಟ್ಟಿದಾಗ ಅದರ ದೇಹವನ್ನು ನೋಡಿ ಹೆಣ್ಣು ಅಥವಾ ಗಂಡು ಎಂದು ದಾಖಲಿಸುವುದು ವಾಡಿಕೆ. ಕೆಲವರಿಗೆ ಈ ದಾಖಲೆಗೂ ತಮ್ಮನ್ನು ತಾವು ಅರಿತುಕೊಂಡ ಬಗೆಗೂ ಹೊಂದಿಕೆಯಾಗುವುದಿಲ್ಲ. ಇವರನ್ನೇ ಲಿಂಗತ್ವ ಅಲ್ಪಸಂಖ್ಯಾತರೆನ್ನುವರು. ಇದು ಮನೋರೋಗವೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು 2019ರಲ್ಲಿ ಅಂಗೀಕೃತವಾಗಿ 2022ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ಈ ಸ್ಥಿತಿಯನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಿಂದ ಹೊರತೆಗೆಯಲಾಗಿದೆ.

ಹಾಗಿದ್ದರೂ ಇವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಹೆಚ್ಚಾಗಿ ಕಾಣುವುದೇಕೆ? ಅಮೆರಿಕದಲ್ಲಿ 2015ರಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಇಂಥ 27,715 ಮಂದಿ ಭಾಗವಹಿಸಿದರು. ಜೀವಮಾನದಲ್ಲಿ ಒಮ್ಮೆಯಾದರೂ ಆತ್ಮಹತ್ಯೆಗೆ ಯತ್ನಿಸಿದ್ದಾಗಿ ಹೇಳಿದವರು ನೂರಕ್ಕೆ 40 ಮಂದಿ. ಆ ದೇಶದ ಒಟ್ಟು ಜನರಲ್ಲಿ ಈ ಪ್ರಮಾಣ ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ. ಇದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಗಮನಿಸಿರಿ. ಮನೆಯವರ ಬೆಂಬಲವಿಲ್ಲದವರಲ್ಲಿ ಆ ಪ್ರಮಾಣ 54, ಬೆಂಬಲವಿದ್ದವರಲ್ಲಿ 37. ಸ್ಥಿತಿ ಇಬ್ಬರದೂ ಒಂದೇ. ಬೇರೆಯಾದುದು ಸುತ್ತಲಿನ ಪರಿಸರ.

ಇದರ ವಿವರಣೆಗೆ ಇಲಾನ್ ಮೇಯರ್ ಎಂಬ ವಿದ್ವಾಂಸರ ಸಿದ್ಧಾಂತವು ನೆರವಾಗುತ್ತದೆ. ಸಲಿಂಗಾನುರಾಗಿಗಳ ಬದುಕನ್ನು ಕುರಿತು 2003ರಲ್ಲಿ ಅವರು ವಿವರಿಸಿದ 'ಅಲ್ಪಸಂಖ್ಯಾತರ ಒತ್ತಡ'ವನ್ನು ಮುಂದೆ ಇತರರು ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸಿದರು. ಒತ್ತಡ ಎರಡು ಬಗೆಯದು. ಗೇಲಿ, ಹೊಡೆತ, ಕೆಲಸ ಸಿಗದಿರುವುದು ಹೊರಗಿನವು. ಇಂದೂ ಅವಮಾನವಾದೀತೆಂಬ ಅಳುಕು, ತನ್ನನ್ನು ಬಚ್ಚಿಟ್ಟುಕೊಳ್ಳುವ ಆಯಾಸ ಒಳಗಿನವು. ಮೊದಲನೆಯದು ಆಗಾಗ ಬಂದು ಹೋಗುವುದು. ಎರಡನೆಯದು ಹಗಲಿರುಳೂ ಜೊತೆಗಿರುವುದು.

ಈ ಹೊರೆಯನ್ನು ಇಳಿಸಲು ಸಾಧ್ಯವೇ? 2018ರಲ್ಲಿ ಸ್ಟೀಫನ್ ರಸೆಲ್ ಮತ್ತು ಸಂಗಡಿಗರು ಅಮೆರಿಕದ ಮೂರು ನಗರಗಳ 129 ತರುಣರ ಗುಂಪನ್ನು ಆಧರಿಸಿದ ಅಧ್ಯಯನವನ್ನು ಪ್ರಕಟಿಸಿದರು. ಅವರು ಕೇಳಿದ ಪ್ರಶ್ನೆ ಸರಳವಾದುದು: ನೀವು ಆರಿಸಿಕೊಂಡ ಹೆಸರಿನಿಂದ ನಿಮ್ಮನ್ನು ಎಲ್ಲೆಲ್ಲಿ ಕರೆಯುತ್ತಾರೆ? ಮನೆಯಲ್ಲೇ, ಶಾಲೆಯಲ್ಲೇ, ಕೆಲಸದಲ್ಲೇ, ಗೆಳೆಯರ ನಡುವೆಯೇ? ಹಾಗೆ ಕರೆಯುವ ತಾಣ ಒಂದೊಂದು ಹೆಚ್ಚಿದಂತೆ ಆತ್ಮಹತ್ಯೆಯ ಯೋಚನೆಯು ಶೇಕಡ 29ರಷ್ಟೂ, ಅಂಥ ವರ್ತನೆಯು ಶೇಕಡ 56ರಷ್ಟೂ ಕಡಿಮೆಯಾಗಿ ಕಂಡುಬಂದಿತು.

ಗುಂಪು ಚಿಕ್ಕದು, ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವೆಂದು ವಿಜ್ಞಾನದ ವಿದ್ಯಾರ್ಥಿ ತೀರ್ಮಾನಿಸಬಾರದು. ಆದರೆ ಬೇರೆ ಬೇರೆ ಅಧ್ಯಯನಗಳು ಒಂದೇ ದಿಕ್ಕನ್ನು ತೋರಿದಾಗ ಅದನ್ನು ಕಡೆಗಣಿಸುವುದೂ ಸಲ್ಲದು.

ಆತ್ಮಹತ್ಯೆಯ ಯೋಚನೆ ಬಂದವರ ಬಾಳು ಅಲ್ಲಿಗೇ ಮುಗಿಯಿತೆಂದಲ್ಲ. ನಮ್ಮ ನಾಡಿನ ಮಂಜಮ್ಮ ಜೋಗತಿಯವರು ಎಳೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. ಅವರು ಬದುಕಿದರು, ಜೋಗತಿ ನೃತ್ಯವನ್ನು ಕಲಿತರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಇದನ್ನು ಓದುವವರಲ್ಲಿ ಯಾರಿಗಾದರೂ ಬದುಕು ಭಾರವೆನಿಸಿದ್ದರೆ ಅದನ್ನು ಒಬ್ಬರೇ ಹೊರಬೇಕಾಗಿಲ್ಲ. ನಂಬಿಕೆಯುಳ್ಳ ಹಿರಿಯರೊಡನೆ ಮಾತನಾಡಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಉಳಿದ ನಾವು ಮಾಡಬಹುದಾದುದು ಅಲ್ಪವೆಂದು ತೋರಬಹುದು: ಗೇಲಿಯನ್ನು ನಿಲ್ಲಿಸುವುದು, ಸಹಪಾಠಿಯನ್ನು ಅವರು ಬಯಸಿದ ಹೆಸರಿನಿಂದ ಕರೆಯುವುದು. ಹೊರೆ ಹೊತ್ತವರಿಗೆ ಅದು ಅಲ್ಪವಲ್ಲ.